ಸೊಪ್ಪಿನ ಹೊತ್ತಿನ ಹಾಜರಿ

"ತಟ್ಟೆ ತೋರಿಸು ಚಿನ್ಮಯಿ."

"ಯಾವ ತಟ್ಟೆ ಮೇಡಂ?"

"ಊಟದ ತಟ್ಟೆ ನೋಡೋಕೆ ಹೊಸೂರಿನಿಂದ ಕೆಲಮಂಗಲದವರೆಗೂ ಬಂದಿದ್ದೀನಾ? ಹುಳದ ತಟ್ಟೆ ಕಣೇ."

ಚಿನ್ಮಯಿ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದಳು. ಮಾಸ್ಕಿನ ಮೇಲೆ ಕಾಣುತ್ತಿದ್ದ ಎರಡು ಕಣ್ಣುಗಳು ಒಮ್ಮೆ ವೇದವತಿಯ ಮುಖ ನೋಡಿದವು, ಒಮ್ಮೆ ಪಕ್ಕದ ಮನೆಯ ಕಾಂಪೌಂಡಿನ ಕಡೆ ಹೊರಳಿದವು. ಆ ಎರಡನೇ ನೋಟ ವೇದವತಿಗೆ ಹಿಡಿಸಲಿಲ್ಲ.

ಕಾಲೇಜಿನ ರೇಷ್ಮೆ ವಿಭಾಗದ ತಂಪು ಕಪಾಟಿನಿಂದ ಹೊಸ ತಳಿಯ ಮೊಟ್ಟೆಗಳು ಮಾಯವಾಗಿ ತಿಂಗಳ ಮೇಲಾಗಿತ್ತು. ಕಳ್ಳನೆಂದು ಅಟೆಂಡರ್ ಶ್ಯಾಮಣ್ಣನನ್ನು ಕೆಲಸದಿಂದ ಹೊರಗಿಟ್ಟಿದ್ದರು. ವಿಚಾರಣೆಯ ಹೊಣೆ ಹೊತ್ತ ಉಪನ್ಯಾಸಕಿ ವೇದವತಿ ಇವತ್ತು ಸಂಜೆಯೊಳಗೆ ನಿಜವಾದ ಕಳ್ಳನನ್ನು ತೋರಿಸದಿದ್ದರೆ ನಾಳೆ ಶ್ಯಾಮಣ್ಣ ಪೊಲೀಸರ ಪಾಲು.

"ಮೇಡಂ, ನೀವು ಒಳಗೆ ಬರಂಗಿಲ್ಲ. ಹುಳಕ್ಕೆ ಹೊರಗಿನೋರ ಗಾಳಿ ಸೋಕಬಾರ್ದು ಅಂತ ನೀವೇ ಪಾಠ ಮಾಡಿದ್ದು."

"ಹೌದು, ನಾನೇ ಮಾಡಿದ್ದು. ಕಾಲು ತೊಳ್ಕೊಂಡು ಬರ್ತೀನಿ. ನೀರು ಕೊಡು."

ಹುಡುಗಿ ನೀರು ತರಲು ಒಳಗೆ ಹೋಗಲೂ ಇಲ್ಲ, ಬಾಗಿಲು ಬಿಡಲೂ ಇಲ್ಲ. ವೇದವತಿ ಕಾಯುತ್ತಾ ಕೂರುವ ಜಾತಿಯವಳಲ್ಲ. ಹುಡುಗಿಯ ಭುಜವನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ ಸೀದಾ ಅಡುಗೆಮನೆಗೇ ನುಗ್ಗಿದಳು.

ಹುಳುಗಳಿಗೂ ಅಡುಗೆಮನೆಗೂ ಏನು ಸಂಬಂಧ ಎಂದು ಕೇಳುವವರಿಗೆ ಕೊರೊನಾ ಕಾಲದ ಆ ಸೋಜಿಗ ಗೊತ್ತಿಲ್ಲವೆಂದೇ ಅರ್ಥ. ಕಾಲೇಜಿಗೆ ಬೀಗ ಬಿದ್ದಾಗ ಉಳಿದ ವಿಭಾಗಗಳೆಲ್ಲ ಫೋನಿನಲ್ಲಿ ಪಾಠ ಹೇಳಿ ಕೈತೊಳೆದುಕೊಂಡವು. ರೇಷ್ಮೆ ವಿಭಾಗ ಏನು ಮಾಡಬೇಕು? ಹುಳು ಸಾಕುವುದನ್ನು ಬಾಯಲ್ಲಿ ಹೇಳಿಕೊಡಲಾದೀತೇ? ಕೊನೆಗೆ ಹುಳುಗಳನ್ನೇ ಮನೆಮನೆಗೆ ಕಳಿಸಿದರು. ಕಾಲೇಜಿನ ವ್ಯಾನು ಮತ್ತಿಗಿರಿಯಿಂದ ಡೆಂಕಣಿಕೋಟೆಯವರೆಗೆ ಓಡಾಡಿ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ತಟ್ಟೆ ಮರಿಹುಳು ಇಳಿಸಿ ಬಂತು. ಮಂಚದ ಕೆಳಗೆ, ದೇವರ ಮನೆಯ ಪಕ್ಕ, ಗ್ಯಾಸ್ ಸಿಲಿಂಡರಿನ ಹಿಂದೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಹುಳು. ಬೆಳಿಗ್ಗೆ ಸೊಪ್ಪು ಹಾಕುವ ಹೊತ್ತಿಗೆ ತರಗತಿ. ಎಲ್ಲರೂ ಕ್ಯಾಮೆರಾವನ್ನು ಮುಖಕ್ಕಲ್ಲ, ತಟ್ಟೆಗೆ ಹಿಡಿಯಬೇಕು. ಬೇರೆ ವಿಭಾಗದವರು ನಕ್ಕರು. ಆಮೇಲೆ ವಿಶ್ವವಿದ್ಯಾಲಯದವರೇ ಹೊಗಳಿದ ಮೇಲೆ ಬಾಯಿ ಮುಚ್ಚಿಕೊಂಡರು.

ಚಿನ್ಮಯಿಯ ಅಡುಗೆಮನೆಯ ಮೂಲೆಯಲ್ಲಿ ತಟ್ಟೆ ಇತ್ತು. ಖಾಲಿ. ತೊಳೆದು, ಒರೆಸಿ, ಗೋಡೆಗೆ ಒರಗಿಸಿತ್ತು.

"ನಿನ್ನೆ ತರಗತಿಯಲ್ಲಿ ತುಂಬಿ ತುಳುಕ್ತಿತ್ತಲ್ಲ?"

ಚಿನ್ಮಯಿ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡಳು.

"ರಾತ್ರೋರಾತ್ರಿ ರೆಕ್ಕೆ ಬಂದು ಹಾರಿಹೋದವಾ?"

ಅಷ್ಟೇ ಸಾಕಾಯಿತು. ಹುಡುಗಿ ಮಾಸ್ಕ್ ಒದ್ದೆಯಾಗುವಷ್ಟು ಅತ್ತಳು. ವೇದವತಿಗೆ ಅಯ್ಯೋ ಅನ್ನಿಸಿತು, ಆದರೆ ಅನುಮಾನ ಕರಗಲಿಲ್ಲ. ಅಳುವವರೆಲ್ಲ ಸಾಚಾ ಎಂದು ನಂಬಲು ಅವಳೇನು ನಿನ್ನೆ ಮೊನ್ನೆ ಪಾಠ ಹೇಳಲು ಬಂದವಳಲ್ಲ.

"ಸತ್ತೋದ್ವು ಮೇಡಂ. ಎಲ್ಲಾ ಸತ್ತೋದ್ವು. ಪಂಚಾಯ್ತಿಯೋರು ಬೀದಿಗೆಲ್ಲ ಔಷ್ದಿ ಹೊಡ್ಕೊಂಡು ಬಂದ್ರು. ಕಿಟಕಿ ಮುಚ್ಚಾದ್ರೊಳ್ಗೆ ಒಳೀಕೆ ಬಂದ್ಬುಡ್ತು. ಮೂರ್ನೇ ಜ್ವರದಾಗಿದ್ವು ಮೇಡಂ, ಮಲಗ್ದೋವು ಮಲಗ್ದಂಗೇ ಹೋದ್ವು."

ಹುಳುಗಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ತಲೆಯೆತ್ತಿ ಮಂಕಾಗಿ ಮಲಗುವುದಕ್ಕೆ ಈ ಕಡೆ ಜ್ವರ ಎಂದೇ ಹೆಸರು. ಆ ಹೊತ್ತಿನಲ್ಲಿ ಚೂರು ಘಾಟು ತಾಗಿದರೂ ಮುಗಿಯಿತು.

"ನನಗೆ ಹೇಳೋದಲ್ವಾ?"

"ಪ್ರ್ಯಾಕ್ಟಿಕಲ್ ಮಾರ್ಕ್ಸ್ ಹೋಯ್ತದೆ ಅಂತ ಹೆದರ್ಕೊಂಡೆ. ಎಲ್ಲಾರೂ ಹಂಗೇ ಮಾಡ್ತಾರೆ ಮೇಡಂ. ಹುಳ ಸತ್ರೆ ಪಕ್ಕದೋರ ಹತ್ರ ಎರಡು ಹಿಡಿ ಇಸ್ಕೊಂಡು ಕ್ಯಾಮೆರಾಗೆ ತೋರ್ಸದು. ಕ್ಲಾಸ್ ಮುಗುದ್ ಮೇಲೆ ವಾಪಸ್ ಕೊಡದು."

ವೇದವತಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ವಿಶ್ವವಿದ್ಯಾಲಯ ಹೊಗಳಿದ ಪಾಠದ ಗತಿ ಇದು! ಮೊರದಲ್ಲಿ ಅಕ್ಕಿ ಸಾಲ ತಂದಂತೆ ಹುಳು ಸಾಲ ತಂದು ಪರೀಕ್ಷೆ ಪಾಸಾಗುತ್ತಿದ್ದಾರೆ.

ಆದರೆ ಅವಳು ಬಂದದ್ದು ಅದಕ್ಕಲ್ಲ. ನಿನ್ನೆಯ ತರಗತಿಯ ರೆಕಾರ್ಡಿಂಗ್ ನೋಡುತ್ತಿದ್ದಾಗ ಚಿನ್ಮಯಿಯ ತಟ್ಟೆಯ ಮೇಲೆ ವೇದವತಿಯ ಬೆರಳು ತಾನಾಗಿಯೇ ನಿಂತಿತ್ತು. ಹುಳುಗಳ ತಲೆಯ ಹಿಂದೆ ಬೂದುಬಣ್ಣದ ಎರಡು ಗೆರೆ, ನಡುವೆ ಕೂಡಿಕೊಂಡ ಹುಬ್ಬಿನ ಹಾಗೆ. ಮಾಮೂಲಿ ಹುಳುವಿಗೆ ಆ ಗೆರೆ ಕೂಡುವುದಿಲ್ಲ. ಕೂಡುವುದು ಒಂದೇ ತಳಿಗೆ. ಬಿಸಿಲಿಗೂ ಬಾಡದ ತಳಿ ಎಂದು ಡಾ. ಸ್ಮೃತಿ ವರ್ಷಗಟ್ಟಲೆ ಕೂತು ಕಟ್ಟಿದ, ವಿಭಾಗದವರು ಮುದ್ದಿನಿಂದ ಹುಬ್ಬಿನ ಹುಳು ಎಂದು ಕರೆಯುತ್ತಿದ್ದ, ಈಗ ಕಳುವಾಗಿರುವ ತಳಿಗೆ.

"ಯಾರ ಹತ್ತಿರ ಇಸ್ಕೊಂಡೆ?"

"ಹೇಳ್ಬೇಡ ಅಂದವ್ರೆ ಮೇಡಂ."

"ನೀನು ಹೇಳದಿದ್ದರೆ ಕದ್ದವಳು ನೀನೇ ಅಂತ ಆಗುತ್ತೆ. ಆಗ ಮಾರ್ಕ್ಸ್ ಅಲ್ಲ, ಡಿಗ್ರೀನೇ ಹೋಗುತ್ತೆ. ಯೋಚನೆ ಮಾಡು."

ಹುಡುಗಿಯ ಕಣ್ಣು ಮತ್ತೆ ಪಕ್ಕದ ಕಾಂಪೌಂಡಿನ ಕಡೆಗೇ ಹೋಯಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ವಿಭಾಗದ ಮುಖ್ಯಸ್ಥ ವಸುಧೇಂದ್ರ.

"ವೇದವತಿ, ಎಲ್ಲಿದ್ದೀರಿ?"

"ಮನೇಲೇ ಸಾರ್." ಸುಳ್ಳು ನಾಲಿಗೆ ತುದಿಯಲ್ಲೇ ಇತ್ತು.

"ಎಳೀಬೇಡಿ ಇದನ್ನ. ಅವತ್ತು ಬೆಳಿಗ್ಗೆ ವ್ಯಾನಿಗೆ ಲೋಡ್ ಮಾಡೋಕೆ ಬಂದವನು ಶ್ಯಾಮಣ್ಣ. ಕೀ ಇದ್ದಿದ್ದು ಅವನ ಹತ್ತಿರ. ಇನ್ನೇನು ಬೇಕು ನಿಮಗೆ?"

ವೇದವತಿಗೆ ಬೇಕಾದದ್ದು ಒಂದೇ ಉತ್ತರ. ಅವತ್ತು ಯಾರೂ ಕಪಾಟು ತೆರೆಯುವ ಮೊದಲೇ ಮೊಟ್ಟೆ ಕಳುವಾಗಿದೆ ಎಂದು ವಸುಧೇಂದ್ರರಿಗೆ ಹೇಗೆ ಗೊತ್ತಾಯಿತು? ಅದನ್ನು ಫೋನಿನಲ್ಲಿ ಕೇಳುವಷ್ಟು ಪೆದ್ದಿಯಲ್ಲ ಅವಳು. "ಸಂಜೆ ಹೇಳ್ತೀನಿ ಸಾರ್" ಎಂದು ಇಟ್ಟಳು. ಈ ಮನುಷ್ಯನ ಮೇಲಿನ ಅನುಮಾನ ದಿನೇದಿನೇ ದಪ್ಪವಾಗುತ್ತಿತ್ತು.

ಪಕ್ಕದ ಮನೆ ದೊಡ್ಡವೆಂಕಟಪ್ಪನದು. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ತಗಡಿನ ಹುಳುಮನೆ. ಬಾಗಿಲ ಮುಂದೆ ಸುಣ್ಣ ಚೆಲ್ಲಿತ್ತು. ದೊಡ್ಡವೆಂಕಟಪ್ಪ ಸೊಪ್ಪಿನ ಹೊರೆ ಇಳಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ನಿಂತ ರೀತಿ ಚಿನ್ಮಯಿ ನಿಂತಿದ್ದ ರೀತಿಯೇ.

"ಯಾರಮ್ಮ ನೀವು? ಊರಡಂಗು, ಯಾರೂ ಹೊರೀಕೆ ಬರ್ಬಾರ್ದು ಅಂತ ಪೊಲೀಸ್ನೋರು ಮೈಕ್ನಾಗೆ ಕೂಗ್ತಾವ್ರೆ, ನೀವು ಊರೂರು ತಿರುಗ್ತೀರಲ್ಲ!"

"ಕಾಲೇಜಿನವಳು. ನಿಮ್ಮ ಹುಳ ನೋಡಬೇಕಿತ್ತು."

"ಬ್ಯಾಡಮ್ಮ, ಬ್ಯಾಡ! ಹುಳ ನಾಕ್ನೇ ಜ್ವರ ಎದ್ದವೆ. ನನ್ನ ಹೆಂಡ್ರನ್ನೇ ಒಳೀಕೆ ಬಿಡಾಕಿಲ್ಲ ನಾನು."

"ಒಳಗೆ ಯಾರಿದ್ದಾರೆ?"

"ಹುಳ ಅವೆ. ಇನ್ಯಾರು ಇರ್ತಾರೆ?"

"ಹಾಗಾದರೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದು ಹುಳವಾ?"

ದೊಡ್ಡವೆಂಕಟಪ್ಪನ ಮುಖ ಬಿಳಿಚಿಕೊಂಡಿತು. ಆದರೂ ಪಟ್ಟು ಬಿಡಲಿಲ್ಲ. "ಗಾಳಿಗೆ ಬಿಗಿ ಆಗ್ಬುಟ್ಟೈತೆ. ಹೋಗ್ರಮ್ಮ, ಹೋಗ್ರಿ, ಆ ಹೊಂಗೆ ಮರದ್ ಕೆಳೀಕೆ ಹೋಗಿ ನಿಂತ್ಕಳ್ರಿ. ನಿಮ್ಗೂ ಒಳ್ಳೇದು, ನನ್ಗೂ ಒಳ್ಳೇದು."

ವೇದವತಿ ಮರದ ಕೆಳಗೆ ಹೋದಳು. ಸೋತು ಹೋದದ್ದಲ್ಲ, ಸೊಪ್ಪಿನ ಹೊತ್ತಾಗಿತ್ತು. ಏನೇ ಮುಳುಗಿಹೋದರೂ ತರಗತಿಯ ಹಾಜರಿ ಅವಳೇ ಕೂಗಬೇಕು. ಪಾಠ ಸ್ಮೃತಿಯದು. ಕೆಲಮಂಗಲಕ್ಕೆ ಹೋಗಿ ಚಿನ್ಮಯಿಯನ್ನು ನೋಡಿ ಬರುತ್ತೇನೆಂದು ಬೆಳಿಗ್ಗೆ ಹೊರಡುವಾಗಲೇ ವೇದವತಿ ಅವಳಿಗೆ ತಿಳಿಸಿದ್ದಳು. ಪಾಪ, ಅವಳಿಗೂ ಎರಡು ದಿನದಿಂದ ಜ್ವರ, ಮತ್ತಿಗಿರಿಯ ಮನೆಯಲ್ಲಿ ಕೋಣೆಯಿಂದ ಹೊರಗೆ ಬಂದಿಲ್ಲವಂತೆ. ತಳಿ ಕಳುವಾದ ದಿನ ಆ ಹುಡುಗಿ ವೇದವತಿಯ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದ್ದಳು. ಸ್ವಂತ ತಂಗಿಯ ಸಂಕಟದಂತೆ ಅದು ವೇದವತಿಯ ಎದೆಗೆ ನಾಟಿತ್ತು.

ಫೋನಿನ ಪರದೆಯಲ್ಲಿ ಒಂದೊಂದೇ ಚೌಕ ತೆರೆದುಕೊಂಡಿತು. ತಟ್ಟೆಗಳು, ಸೊಪ್ಪು, ಯಾರದೋ ಅಜ್ಜಿಯ ಸೆರಗು. ಸ್ಮೃತಿಯ ಚೌಕದಲ್ಲಿ ಇವತ್ತು ಬರೀ ಹೆಸರು, ಕ್ಯಾಮೆರಾ ಇಲ್ಲ.

"ಅಕ್ಕ, ನೀವು ಹಾಜರಿ ಮುಗಿಸಿ, ನಾನು ಶುರು ಮಾಡ್ತೀನಿ" ಎಂದಿತು ಸ್ಮೃತಿಯ ದಣಿದ ದನಿ.

ವೇದವತಿ ಮೈಕ್ ತೆರೆದು ಹೆಸರು ಕೂಗತೊಡಗಿದಳು. ಮರದ ಕೆಳಗೆ ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು. ಕೂಗುತ್ತಲೇ ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದಳು, ಹುಳುಮನೆಯ ಗೋಡೆಯವರೆಗೂ. ದೊಡ್ಡವೆಂಕಟಪ್ಪ ಸೊಪ್ಪಿನ ಇನ್ನೊಂದು ಹೊರೆ ತರಲು ತೋಟಕ್ಕೆ ಇಳಿದಿದ್ದ.

"ಸುರೇಂದ್ರ."

ಸುರೇಂದ್ರ ಕೋಲಾರದ ಕಡೆಯ ಹುಡುಗ. ಅವನಪ್ಪ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಒಂದು ತಿಂಗಳಿಂದ ಹುಡುಗನ ಮುಖವನ್ನಾಗಲಿ ತಟ್ಟೆಯನ್ನಾಗಲಿ ಯಾರೂ ಕಂಡಿಲ್ಲ. ನೆಟ್‌ವರ್ಕ್ ಇಲ್ಲ ಎಂದು ಬರೆಯುತ್ತಾನೆ, ಹಾಜರಿಗೆ ಯೆಸ್ ಮೇಡಂ ಎಂದು ಟೈಪ್ ಮಾಡುತ್ತಾನೆ. ಆದರೆ ಒಂದು ದಿನವೂ ತಪ್ಪಿಸುವುದಿಲ್ಲ.

"ಸುರೇಂದ್ರ" ಎಂದಳು ಮತ್ತೆ.

ತಗಡಿನ ಬಾಗಿಲ ಒಳಗಿನಿಂದ ಯಾರೋ "ಸುರೇಂದ್ರ" ಎಂದರು.

ವೇದವತಿಯ ಮೈ ಜುಮ್ಮೆಂದಿತು. ಅದು ಹೆಂಗಸಿನ ದನಿ. ಅವಳದೇ ದನಿ.

ಉಸಿರು ಬಿಗಿಹಿಡಿದು ಫೋನನ್ನು ತುಟಿಯ ಹತ್ತಿರ ತಂದಳು. "ಸುರೇಂದ್ರ, ನನ್ನ ಮಾತು ಕೇಳಿಸ್ತಿದೆಯಾ?"

ಒಂದು ಗಳಿಗೆ ಬಿಟ್ಟು ಬಾಗಿಲ ಹಿಂದಿನಿಂದ ಸಣ್ಣ ಸ್ಪೀಕರಿನ ಗೊಗ್ಗರು ದನಿ ಕೇಳಿತು: "...ಮಾತು ಕೇಳಿಸ್ತಿದೆಯಾ?"

ಪರದೆಯ ಮೇಲೆ ಅಕ್ಷರ ಮೂಡಿತು. ಯೆಸ್ ಮೇಡಂ.

ಹೆದರಿಕೆಯ ಜಾಗದಲ್ಲಿ ಈಗ ಕೋಪ ಬಂದಿತ್ತು. ಇಷ್ಟು ದಿನ ಅವಳ ಕಣ್ಣಿಗೆ ಮಣ್ಣೆರಚಿ, ದಿನಾ ಬೆಳಿಗ್ಗೆ ಅವಳ ತರಗತಿಯಲ್ಲೇ ಕೂತು ಪಾಠ ಕೇಳಿಕೊಂಡು ಹೋಗಿದ್ದಾನೆ ಕಳ್ಳ! ಫೋನನ್ನು ಕೈಯಲ್ಲೇ ಹಿಡಿದು ಬಾಗಿಲಿಗೆ ದಬದಬನೆ ಬಡಿದಳು.

"ಬಾಗಿಲು ತೆಗಿ ಸುರೇಂದ್ರ! ನಾನು ಹೊರಗೇ ನಿಂತಿದ್ದೀನಿ!"

ತೋಟದಿಂದ ದೊಡ್ಡವೆಂಕಟಪ್ಪ "ಅಯ್ಯಯ್ಯೋ, ಬಡೀಬೇಡ್ರಮ್ಮೋ, ಹುಳ ಬೆಚ್ತವೆ!" ಎಂದು ಕೂಗುತ್ತಾ ಓಡಿಬಂದ. ಅವನು ಬಂದು ಮುಟ್ಟುವ ಮೊದಲೇ ಚಿಲಕ ಸರಿಯಿತು.

ಬಾಗಿಲಲ್ಲಿ ನಿಂತಿದ್ದವನು ಸುರೇಂದ್ರ ಅಲ್ಲ. ನರೆತ ಗಡ್ಡ, ಎದೆಗೆ ಅಂಟಿದ ಬನಿಯನ್ನು, ಕೈಯಲ್ಲಿ ಸೊಪ್ಪು. ಶ್ಯಾಮಣ್ಣ.

ಯಾರಿಗಾಗಿ ವೇದವತಿ ಮುಖ್ಯಸ್ಥರ ಎದುರು ನಿಂತು ವಾದ ಮಾಡಿದ್ದಳೋ, ಅವನು ಕಳ್ಳನಲ್ಲ ಎಂದು ಯಾರ ಪರವಾಗಿ ಹೋದಲ್ಲೆಲ್ಲ ಆಣೆ ಹಾಕಿದ್ದಳೋ, ಅದೇ ಶ್ಯಾಮಣ್ಣ. ಅವನ ಬೆನ್ನ ಹಿಂದೆ ತಟ್ಟೆಗಳಲ್ಲಿ ಹುಬ್ಬು ಕೂಡಿದ ಹುಳುಗಳು ಸೊಪ್ಪು ಮೇಯುತ್ತಿದ್ದವು.

"ಡೆಂಕಣಿಕೋಟೆ ಹತ್ರ ಅತ್ತೆ ಮನೇಲಿದ್ದೀನಿ ಅಂದ್ರಲ್ಲ ಶ್ಯಾಮಣ್ಣ?"

"ಸುಳ್ಳು ಹೇಳ್ದೆ ಮೇಡಂ. ಇವ್ನು ನನ್ ಷಡ್ಡಕ. ತಪ್ಪು ಇವಂದಲ್ಲ."

"ನನ್ನ ಮುಖಕ್ಕೆ ಮಸಿ ಬಳಿದ್ರಿ. ನಿಮ್ಮನ್ನ ನಂಬಿ ನಾನು ಎಲ್ಲರ ಹತ್ತಿರ ಬೈಸ್ಕೊಂಡೆ. ಕದ್ದಿದ್ದು ನೀವೇನಾ?"

"ತಂದಿದ್ದು ನಾನೇ. ಚಿಟ್ಟೆ ಮೊಟ್ಟೆ ಇಕ್ಕಿದ್ ಹಾಳೆ, ಒಂದೇ ಒಂದು." ಶ್ಯಾಮಣ್ಣ ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹಾಕಿದ. "ಇಲ್ದಿದ್ರೆ ಅದೂ ಬೆಂದೋಗ್ತಿತ್ತು."

"ಬೇಯೋದು ಅಂದ್ರೆ?"

"ಅವತ್ತು ಬೆಳಿಗ್ಗೆ ವ್ಯಾನ್ ಲೋಡ್ ಮಾಡಕ್ಕೆ ಬೇಗ ಬಂದೆ. ಲ್ಯಾಬಿನಾಗೆ ಸ್ಟೌ ಉರೀತಿತ್ತು. ಮೊಟ್ಟೆ ಹಾಳೆ ಒಂದೊಂದೇ ತಗಂಡು ಕುದಿಯೋ ನೀರ್ಗೆ ಅದ್ತಾ ಇದ್ರು ಮೇಡಂ. ಅದ್ದಿ ಅದ್ದಿ ಬಕೀಟಿಗೆ ಹಾಕ್ತಾ ಇದ್ರು. ಬಕೀಟು ಹೊರಗ್ ಇಡಕ್ಕೆ ಹೋದಾಗ ಮೇಜಿನ ಮ್ಯಾಲೆ ಒಂದು ಹಾಳೆ ಉಳಿದಿತ್ತು. ಬುತ್ತಿ ಚೀಲಕ್ಕೆ ಹಾಕ್ಕೊಂಡು ಬಂದ್ಬುಟ್ಟೆ."

"ನನಗ್ಯಾಕೆ ಹೇಳಲಿಲ್ಲ?"

"ಯಾರು ನಂಬ್ತಾರೆ? ನಾನು ಅಟೆಂಡ್ರು. ಕಸ ಗುಡ್ಸೋನು ದೊಡ್ಡೋರ ಮ್ಯಾಲೆ ಬೆಟ್ಟು ಮಾಡಿದ್ರೆ ನನ್ನೇ ಒಳೀಕೆ ಹಾಕ್ತಾರೆ. ಹುಳ ಗೂಡು ಕಟ್ಲಿ, ಗೂಡು ಹಿಡ್ಕಂಡು ನಿಮ್ ಹತ್ರಾನೇ ಬರಾನ ಅಂತಿದ್ದೆ. ಆದ್ರೆ ನಂಗೆ ಹುಳ ಸಾಕೋದು ಎಲ್ಲಿ ಬತ್ತದೆ? ತಟ್ಟೆ ಹೊತ್ತೋನು ಅಷ್ಟೇ. ಆ ಸುರೇಂದ್ರ ಓದು ಬಿಟ್ಟು ಫ್ಯಾಕ್ಟ್ರಿ ಸೇರ್ಕಂಡ, ಅವನ ಹೆಸರ್ನಾಗೆ ಬಂದು ದಿನಾ ನಿಮ್ ಪಾಠ ಕೇಳ್ಕಂಡು, ನೀವು ಹೇಳ್ದಂಗೇ ಸೊಪ್ಪು ಹಾಕ್ದೆ."

ವೇದವತಿಯ ಕೋಪ ಎಲ್ಲಿ ಹೋಯಿತೋ. ಕಣ್ಣು ತುಂಬಿ ಬಂತು. ಅವಳ ಇಡೀ ತರಗತಿಯಲ್ಲಿ ಒಂದು ದಿನವೂ ತಪ್ಪದೆ ಮನಸ್ಸಿಟ್ಟು ಪಾಠ ಕೇಳಿದ ವಿದ್ಯಾರ್ಥಿ ಇವನೊಬ್ಬನೇ ಏನೋ.

"ಆದ್ರೂ ಅರ್ಧಕ್ಕರ್ಧ ಸತ್ತೋದ್ವು ಮೇಡಂ" ಎಂದು ಶ್ಯಾಮಣ್ಣ ತಟ್ಟೆಗಳ ಕಡೆ ನೋಡಿದ. "ಬಿಸಿಲು ತಡೀತವೆ ಅಂತ ಪೇಪರ್ನಾಗೆಲ್ಲ ಹಾಕಿದ್ರಲ್ಲ? ಎಲ್ಲಿ ತಡೀತವೆ? ತಗಡು ಚೂರು ಕಾದ್ರೆ ಸಾಕು, ಬಿದ್ದೋಯ್ತವೆ. ತಳಿ ರೈತರ ಕೈಗೆ ಹೋಗಿದ್ರೆ ಸುಳ್ಳು ಬಯಲಾಗ್ತಿತ್ತು. ಅದಕ್ಕೇ ಬೇಯ್ಸಾಕಿ ಕಳ್ಳತನ ಅಂದ್ಬುಟ್ರು ಅಂತ ಈಗ ನಂಗೆ ಅನ್ನಿಸ್ತದೆ."

"ವಸುಧೇಂದ್ರ ಸಾರ್." ವೇದವತಿ ಹಲ್ಲು ಕಚ್ಚಿದಳು. "ನನಗೆ ಮೊದಲಿಂದಲೂ ಗೊತ್ತಿತ್ತು. ಕಪಾಟು ತೆಗೆಯೋ ಮುಂಚೆಯೇ ಕಳ್ಳತನ ಅಂದವರು ಅವರು."

"ಸಾರ್ಗೆ ಯಾರು ಏನು ಹೇಳಿದ್ರೋ ಅದನ್ನ ಅವ್ರು ಹೇಳವ್ರೆ. ಅವರಲ್ಲ ಮೇಡಂ."

"ಅವರಲ್ವಾ? ಮತ್ತೆ ಯಾರು?"

ಶ್ಯಾಮಣ್ಣ ಬಾಯಿ ತೆರೆದವನು ಹಾಗೇ ನಿಂತ. ಅವನ ಕಣ್ಣು ವೇದವತಿಯ ಕೈಯಲ್ಲಿದ್ದ ಫೋನಿನ ಮೇಲೆ ನೆಟ್ಟಿತ್ತು. ಅವನ ಹಿಂದೆ ಗೂಡೆಯ ಮೇಲಿದ್ದ ಅವನ ಫೋನು, ಈಗಷ್ಟೇ ವೇದವತಿ ಕೇಳಿದ ಪ್ರಶ್ನೆಯನ್ನೇ ಗೊಗ್ಗರು ದನಿಯಲ್ಲಿ ಮತ್ತೊಮ್ಮೆ ಕೇಳುತ್ತಿತ್ತು. ಮತ್ತೆ ಯಾರು?

"ಮೇಡಂ... ಮೈಕು."

ವೇದವತಿ ಪರದೆ ನೋಡಿದಳು. ಹಾಜರಿ ಕೂಗಲು ತೆರೆದ ಮೈಕನ್ನು ಅವಳು ಮುಚ್ಚಿಯೇ ಇರಲಿಲ್ಲ. ಅಯ್ಯೋ ನನ್ನ ಬುದ್ಧಿಗೆ! ಎಲ್ಲ ತಟ್ಟೆಗಳೂ ಅಲ್ಲೇ ಇದ್ದವು, ಯಾರ ಕೈಯೂ ಆಡುತ್ತಿರಲಿಲ್ಲ. ಇಡೀ ತರಗತಿ ಉಸಿರು ಬಿಗಿಹಿಡಿದು ಕೇಳಿಸಿಕೊಂಡಿತ್ತು. ಬಾಗಿಲು ಬಡಿದದ್ದು, ಕೆಲಮಂಗಲ, ಷಡ್ಡಕನ ಹುಳುಮನೆ, ಕುದಿಯುವ ನೀರು, ಎಲ್ಲವನ್ನೂ.

ಅವಳ ಬೆರಳು ಮೈಕಿನ ಗುರುತಿಗೆ ತಾಗುವ ಮೊದಲೇ ಒಂದು ಚೌಕದ ಅಂಚು ಹಸಿರಾಗಿ ಮಿನುಗಿತು. ಕ್ಯಾಮೆರಾ ಇಲ್ಲದ, ಬರೀ ಹೆಸರಿನ ಚೌಕ.

"ಶ್ಯಾಮಣ್ಣ," ಎಂದಳು ಸ್ಮೃತಿ. ಜ್ವರದ ದಣಿವು ಆ ದನಿಯಲ್ಲಿ ಒಂದಿಷ್ಟೂ ಇರಲಿಲ್ಲ. ದಿನಾ ಪಾಠ ಶುರುಮಾಡುವಾಗಿನ ಅದೇ ಮೃದುವಾದ, ಅಕ್ಕರೆಯ ದನಿ. ಅದರ ಹಿಂದೆ ಕಾರಿನ ಎಂಜಿನ್ನು ಗುರುಗುಟ್ಟುತ್ತಿತ್ತು. "ಒಟ್ಟು ಎಷ್ಟು ತಟ್ಟೆ ಉಳಿದಿವೆ ಅಂದ್ರಿ?"

ಶ್ಯಾಮಣ್ಣ ಪರದೆಯ ಮೇಲಿನ ಆ ಹೆಸರಿಗೆ ಬೆಟ್ಟು ಮಾಡಿದ. ಮರುಗಳಿಗೆ ಅವಳ ಚೌಕ ಪರದೆಯಿಂದ ಹೋಯಿತು.